ಬೆನ್ನಿನ ಮೇಲೆ 195: ಹುಬ್ಬಳ್ಳಿಯ ಒಂದು ಜೆರ್ಸಿ ಪ್ರಿಂಟ್ ಅಂಗಡಿ

ಹುಬ್ಬಳ್ಳಿಯಲ್ಲಿ ಫುಟ್‌ಬಾಲ್ ಜೆರ್ಸಿ ಮಾಡಿಸಬೇಕು ಅಂದರೆ ಕೊಪ್ಪಿಕರ್ ರಸ್ತೆ ಹಿಂದಿನ ಗಲ್ಲಿಯಲ್ಲಿರುವ ಈ ಅಂಗಡಿಗೆ ಧೈರ್ಯವಾಗಿ ಹೋಗಬಹುದು. ಬಟ್ಟೆ ಚೆನ್ನಾಗಿದೆ, ಪ್ರಿಂಟು ಇನ್ನೂ ಚೆನ್ನಾಗಿದೆ. ಸೈಜು ಮಾತ್ರ ನಂಬಬೇಡಿ, ಅವರು ಹೇಳುವ ತಾರೀಖನ್ನಂತೂ ನಂಬಲೇಬೇಡಿ. ಕೆಳಗೆ ಸ್ವಲ್ಪ ಬೈದಿದ್ದೇನೆ, ಅದಕ್ಕೇ ಅಂಗಡಿ ಹೆಸರು ಹಾಕುತ್ತಿಲ್ಲ. ಹುಡುಗರು ಒಳ್ಳೆಯವರು, ಪಾಪ.

ನಮ್ಮದು ಭಾನುವಾರ ಬೆಳಿಗ್ಗೆ ನೆಹರೂ ಮೈದಾನದಲ್ಲಿ ಕ್ರಿಕೆಟ್‌ನವರು ಬಿಟ್ಟುಕೊಟ್ಟಷ್ಟು ಜಾಗದಲ್ಲಿ ಆಡುವ ಗುಂಪು. ನಾನು ಸ್ಟಾಪರ್, ಗೋಲಿನ ಮುಂದೆ ನಡುವೆ ನಿಂತು ಎದುರಾಳಿಯನ್ನು ತಡೆಯುವ ಡಿಫೆಂಡರ್. ಅಂದರೆ ಗೋಲು ಬಿದ್ದಾಗ ಮಾತ್ರ ಎಲ್ಲರ ಕಣ್ಣಿಗೆ ಬೀಳುವವನು. ಈ ಸಲ ತಂಡಕ್ಕೆ ಹೊಸ ಜೆರ್ಸಿ ಮಾಡಿಸೋಣ, ಹಿಂದೆ ಯಾರಿಗೆ ಯಾವ ಹೆಸರು ಬೇಕೋ ಹಾಕಿಸಿಕೊಳ್ಳಲಿ ಅಂತ ತೀರ್ಮಾನವಾಯಿತು.

ಅಂಗಡಿಯ ಗೋಡೆ ತುಂಬ ಸ್ಯಾಂಪಲ್ ನೇತು ಹಾಕಿದ್ದಾರೆ. ಮೆಸ್ಸಿ 10, ರೊನಾಲ್ಡೊ 7, ಛೆಟ್ರಿ 11, ಪಕ್ಕದಲ್ಲೇ ಕೊಹ್ಲಿ 18. ಹಿಂದೆ ನಿಂತು ಆಡುವವರ ಹೆಸರು ಹುಡುಕಿದರೂ ಸಿಗಲಿಲ್ಲ. ಇದು ಅಂಗಡಿಯವರ ತಪ್ಪಲ್ಲ ಬಿಡಿ, ಡಿಫೆಂಡರ್ ಹೆಸರು ಕೇಳಿಕೊಂಡು ಬರುವವರು ಯಾರಿದ್ದಾರೆ? ನಾನು ಕೇಳಿದೆ. ಅದೂ ಮಲೇಷ್ಯಾದವರದ್ದು.

ಸೋ ಚಿನ್ ಆನ್. 1950ರಲ್ಲಿ ಕೆಡಾ ರಾಜ್ಯದ ಅಲೋರ್ ಸೆತಾರ್‌ನಲ್ಲಿ ಹುಟ್ಟಿದವರು. 1969ರಿಂದ 1984ರವರೆಗೆ ದೇಶಕ್ಕೆ ಆಡಿದರು, ಅಧಿಕೃತ ಲೆಕ್ಕದಲ್ಲೇ 195 ಪಂದ್ಯ. ಕ್ಲಬ್ ತಂಡಗಳ ಜೊತೆ ಆಡಿದ್ದನ್ನೂ ಸೇರಿಸಿದರೆ ಇನ್ನೂ ಜಾಸ್ತಿ. ರೊನಾಲ್ಡೊ ಪೋರ್ಚುಗಲ್‌ಗೆ 200ನೇ ಪಂದ್ಯ ಆಡಿದ್ದು 2023ರ ಜೂನ್‌ನಲ್ಲಿ, ಇವರು ಆಟ ನಿಲ್ಲಿಸಿ ಹೆಚ್ಚುಕಡಿಮೆ ನಲವತ್ತು ವರ್ಷ ಆದಮೇಲೆ. ಆಗ ಏಷ್ಯಾದ ತಂಡಗಳಿಗೆ ಬಿಡುವೇ ಇರುತ್ತಿರಲಿಲ್ಲ. ಕೌಲಾಲಂಪುರದಲ್ಲಿ ಮೆರ್ಡೆಕಾ ಟೂರ್ನಿ, ಅದಕ್ಕೆ ನಮ್ಮ ಭಾರತ ತಂಡವೂ ಹೋಗುತ್ತಿತ್ತು. ಆಮೇಲೆ ಏಷ್ಯನ್ ಗೇಮ್ಸ್, ಒಲಿಂಪಿಕ್ಸ್ ಅರ್ಹತಾ ಪಂದ್ಯಗಳು. ಅಷ್ಟು ಪಂದ್ಯ ಇದ್ದವು ಅಂತಲೇ 195 ಆಯಿತು ಅನ್ನುವವರಿದ್ದಾರೆ. ಇರಬಹುದು. ಆದರೆ ಹದಿನೈದು ವರ್ಷ ತಂಡದಿಂದ ಹೊರಗೆ ಬೀಳದೆ, ಮೊಣಕಾಲು ಉಳಿಸಿಕೊಂಡು ಸ್ಟಾಪರ್ ಆಗಿ ಆಡುವುದು ಏನು ಅಂತ ಆಡಿದವರಿಗೇ ಗೊತ್ತು.

1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಮಲೇಷ್ಯಾ ಅಮೆರಿಕವನ್ನು 3-0 ಸೋಲಿಸಿತು. ಅದೇ ತಂಡ ಮೊರಾಕೊ ಕೈಲಿ 6 ಗೋಲು ತಿಂದಿತು, ಅದನ್ನೂ ಹೇಳಬೇಕಲ್ವಾ. 1974ರಲ್ಲಿ ಟೆಹರಾನ್ ಏಷ್ಯನ್ ಗೇಮ್ಸ್‌ನಲ್ಲಿ ಕಂಚು. ನನಗೆ ಹೊಟ್ಟೆ ಉರಿಯುವುದು 1980ರ ಕಥೆಗೆ. ಕೌಲಾಲಂಪುರದಲ್ಲಿ ದಕ್ಷಿಣ ಕೊರಿಯಾವನ್ನು 2-1 ಸೋಲಿಸಿ ಮಾಸ್ಕೊ ಒಲಿಂಪಿಕ್ಸ್‌ಗೆ ಅರ್ಹತೆ ಗಿಟ್ಟಿಸಿದರು, ಇವರೇ ಕ್ಯಾಪ್ಟನ್. ಆಮೇಲೆ ನೋಡಿದರೆ ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ ನುಗ್ಗಿದ್ದಕ್ಕೆ ಮಲೇಷ್ಯಾವೂ ಬಹಿಷ್ಕಾರಕ್ಕೆ ಸೇರಿತು. ಇವರ ಜಾಗದಲ್ಲಿ ಇರಾಕ್ ಹೋಗಿ ಆಡಿ ಬಂತು. ಹಿಂದಿನ ಸಾಲಿನಲ್ಲಿ ಇವರ ಜೊತೆ ಪಂಜಾಬಿ ಮೂಲದ ಸಂತೋಖ್ ಸಿಂಗ್, ಗೋಲಿನಲ್ಲಿ ತಮಿಳು ಮೂಲದ ಆರ್. ಅರುಮುಗಂ. ಆದರೂ ಅಲ್ಲಿಯೂ ಹೆಚ್ಚು ಹೆಸರು ಫಾರ್ವರ್ಡ್ ಮೊಖ್ತಾರ್ ದಹಾರಿಗೇ. ಎಲ್ಲ ಊರಿನಲ್ಲೂ ಅದೇ ಹಣೆಬರಹ.

ಇಷ್ಟೆಲ್ಲ ಕೌಂಟರ್‌ನಲ್ಲಿ ನಿಂತು ಹೇಳಿದೆ. ಹುಡುಗ ಪೂರ್ತಿ ಕೇಳಿಸಿಕೊಂಡ, ಅದಕ್ಕೇ ಒಂದು ಸ್ಟಾರ್ ಜಾಸ್ತಿ ಕೊಡಬೇಕು. ಸೋ ಚಿನ್ ಆನ್ ಬಹುಕಾಲ ಆಡಿದ ತಂಡ ಸೆಲಂಗೋರ್, ಅದರ ಬಣ್ಣ ಕೆಂಪು ಹಳದಿ. ಅದನ್ನೇ ಮಾಡಿಕೊಡಿ ಅಂದಾಗ ಅವನು ತಲೆ ಎತ್ತಿ, "ರಾಜ್ಯೋತ್ಸವದ್ದೇನ್ರೀ ಸರ?" ಅಂದ. ತಂಡದವರು ಒಪ್ಪಿದ್ದೂ ಅದಕ್ಕೇ ಅಂತ ಕಾಣುತ್ತದೆ. ಸೆಲಂಗೋರ್ ಯಾರಿಗೆ ಬೇಕು, ನವೆಂಬರ್ ಒಂದಕ್ಕೂ ಹಾಕಿಕೊಳ್ಳಬಹುದು!

ಈಗ ಕೆಲಸದ ವಿಷಯ. ಇವರು ಸಬ್ಲಿಮೇಷನ್ ಪ್ರಿಂಟ್ ಮಾಡುತ್ತಾರೆ. ಡಿಸೈನನ್ನು ಮೊದಲು ಕಾಗದದ ಮೇಲೆ ತೆಗೆದು, ಬಿಳಿ ಪಾಲಿಯೆಸ್ಟರ್ ಬಟ್ಟೆ ಮೇಲಿಟ್ಟು, ಸುಮಾರು 200 ಡಿಗ್ರಿ ಬಿಸಿಯಲ್ಲಿ ಒತ್ತುತ್ತಾರೆ. ಬಣ್ಣ ನೂಲಿಗೇ ಇಳಿಯುತ್ತದೆ, ಕೈಯಾಡಿಸಿದರೆ ಏನೂ ತಾಗುವುದಿಲ್ಲ. ಹಾಗಾಗಿ ಸಿಪ್ಪೆ ಏಳುವ ಮಾತೇ ಇಲ್ಲ. ಕಾಟನ್‌ಗೆ ಇದು ಆಗುವುದಿಲ್ಲ, ಕೇಳಲೂ ಬೇಡಿ. ನಮ್ಮ ಹಳೇ ಜೆರ್ಸಿ ಬೇರೆ ಕಡೆ ಮಾಡಿಸಿದ್ದು, ರೆಡಿಮೇಡ್ ಕೆಂಪು ಬಟ್ಟೆ ಮೇಲೆ ಬಿಳಿ ವಿನೈಲ್ ನಂಬರ್ ಅಂಟಿಸಿದ್ದರು. ಬಟ್ಟೆಯ ಕೆಂಪು ಬಿಸಿಗೆ ಮೇಲೆದ್ದು ನಂಬರ್‌ಗೆ ಹತ್ತಿಕೊಂಡಿತು, ವಾರದಲ್ಲಿ ಎಲ್ಲ ಗುಲಾಬಿ. ಇದರಲ್ಲಿ ಆ ಕಾಟ ಇಲ್ಲ. ಮಗುಚಿ ಒಗೆಯಿರಿ, ತಣ್ಣೀರು ಸಾಕು.

ಹೆಸರು ಕನ್ನಡದಲ್ಲೇ ಬೇಕು ಅಂದಿದ್ದೆ. ವಾಟ್ಸಾಪ್‌ನಲ್ಲಿ ಕಳಿಸಿದ ಮೊದಲ ಡಿಸೈನಿನಲ್ಲಿ 'ಚಿನ್' ಒಡೆದು ಹೋಗಿತ್ತು, 'ನ'ದ ತಲೆ ಮೇಲಿರಬೇಕಾದ ಅರ್ಧಾಕ್ಷರದ ಗುರುತು ಪಕ್ಕದಲ್ಲಿ ಒಂಟಿಯಾಗಿ ನಿಂತಿತ್ತು. ಯೂನಿಕೋಡ್ ಅಕ್ಷರ ಅವರ ಸಾಫ್ಟ್‌ವೇರ್‌ಗೆ ಸರಿ ಹೋಗುವುದಿಲ್ಲವಂತೆ. ಹೇಳಿದ ಮೇಲೆ 'ನುಡಿ' ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಮತ್ತೆ ಟೈಪ್ ಮಾಡಿ ಸರಿ ಮಾಡಿದರು, ಗೊಣಗಲಿಲ್ಲ, ದುಡ್ಡೂ ಕೇಳಲಿಲ್ಲ. ಕನ್ನಡದಲ್ಲಿ ಹೆಸರು ಹಾಕಿಸುವವರು ಡಿಸೈನ್ ನೋಡದೆ ಓಕೆ ಅನ್ನಬೇಡಿ.

ಅವರ ಆಟದ ನಂಬರ್ ಹಾಕಿಸುವ ಬದಲು ನಾನು 195 ಬರೆಸಿದೆ. "ಮೂರ ಅಂಕಿ ಯಾರೂ ಹಾಕ್ಸೂದಿಲ್ರೀ" ಅಂತ ಹುಡುಗ ನಕ್ಕ. ಆದರೆ ಅಂಕಿಗಳನ್ನು ಸ್ವಲ್ಪ ಸಣ್ಣಗೆ, ಉದ್ದಕ್ಕೆ ಎಳೆದು, ತೋಳಿನ ಹೊಲಿಗೆಗೆ ತಾಗದ ಹಾಗೆ ಕೂರಿಸಿದ್ದಾನೆ. ದೂರದಿಂದಲೂ ಓದಬಹುದು. ಈ ಕೆಲಸಕ್ಕೆ ಕೈ ಬೇಕು.

ಬೈಗುಳ ಈಗ. ಇವರ ಎಕ್ಸ್‌ಎಲ್ ಬೇರೆಯವರ ಎಲ್. ನಮ್ಮ ಗೋಲಿ (ಗೋಲ್‌ಕೀಪರ್) ಹಾಕಿಕೊಂಡು ಕೈ ಮೇಲೆತ್ತಿದರೆ ಹೊಟ್ಟೆ ಕಾಣುತ್ತದೆ, ಗೋಲಿ ಕೈ ಎತ್ತದೆ ಇರಲು ಆಗುತ್ತಾ? ಚಾರ್ಟ್ ನೋಡಿ ಹೇಳಬೇಡಿ, ಅಂಗಡಿಯಲ್ಲೇ ಸ್ಯಾಂಪಲ್ ಹಾಕಿ ನೋಡಿ. ಕತ್ತಿನ ಹಿಂದಿನ ಲೇಬಲ್ ಬೆವರಿಗೆ ಚುಚ್ಚುತ್ತದೆ, ಮನೆಗೆ ತಂದ ತಕ್ಷಣ ಕತ್ತರಿಸಿ. ಹಳದಿ ಮೊಬೈಲ್‌ನಲ್ಲಿ ನಿಂಬೆಹಣ್ಣಿನ ಹಾಗೆ ಕಂಡಿದ್ದು ಬಟ್ಟೆ ಮೇಲೆ ಮಾವಿನಹಣ್ಣಾಗಿದೆ. ನನಗೇನೋ ಇದೇ ಇಷ್ಟವಾಯಿತು, ಆದರೆ ಬಣ್ಣ ಪಕ್ಕಾ ಬೇಕಾದವರು ಒಂದು ತುಂಡು ಬಟ್ಟೆ ಮೇಲೆ ಪ್ರಿಂಟ್ ಹೊಡೆಸಿ ನೋಡಲಿ. ಇನ್ನು ತಾರೀಖು. "ನಾಳೆ ಆಗ್ತದ್ರೀ" ಅಂದರೆ ಈ ವಾರ ಆಗಲ್ಲ ಅಂತ ತಿಳಿಯಿರಿ. ನಮ್ಮ ಮ್ಯಾಚಿಗೆ ಜೆರ್ಸಿ ಬರಲೇ ಇಲ್ಲ, ಆ ಗುಲಾಬಿ ನಂಬರಿನಲ್ಲೇ ಆಡಿದೆವು. ಫೋನು ಮಾಡಿ ತಡ ಆಗುತ್ತದೆ ಅಂತ ಒಂದು ಮಾತು ಹೇಳಬಹುದಿತ್ತು.

ಒಂದಕ್ಕೆ 380 ರೂಪಾಯಿ, ಹೆಸರು ನಂಬರ್ ಸೇರಿ. ಹನ್ನೊಂದರ ಮೇಲೆ ಮಾಡಿಸಿದರೆ ಸ್ವಲ್ಪ ಬಿಡುತ್ತಾರೆ, ಚೌಕಾಸಿ ಮಾಡಿ. ಅರ್ಧ ಅಡ್ವಾನ್ಸ್ ಕೇಳುತ್ತಾರೆ. ಗಣೇಶ ಹಬ್ಬದ ಮುಂಚೆ ಮತ್ತು ಅಕ್ಟೋಬರ್ ಕೊನೆಗೆ ಹೋಗಬೇಡಿ, ಮಂಡಳಿಯವರ ಟೀ ಶರ್ಟಿನ ರಾಶಿ ಕೆಳಗೆ ನಿಮ್ಮ ಆರ್ಡರ್ ಕಾಣೆಯಾಗುತ್ತದೆ. ಗಲ್ಲಿಯಲ್ಲಿ ಗಾಡಿ ನಿಲ್ಲಿಸಲು ಜಾಗ ಇಲ್ಲ, ದೂರ ಬಿಟ್ಟು ನಡೆದು ಹೋಗಿ.