ದೊಡ್ಡಮ್ಮನ ಮನೆ ಖರ್ಚಿಗೆ ಯುಪಿಐ ಸರ್ಕಲ್: ವರ್ಷ ಬಳಸಿದ ಮೇಲೆ

ನಮ್ಮ ದೊಡ್ಡಮ್ಮ ಮೂಡಿಗೆರೆಯಲ್ಲಿ ಒಬ್ಬರೇ ಇದ್ದಾರೆ. ಅವರ ಮನೆ ಖರ್ಚು ನೋಡಿಕೊಳ್ಳುವುದು ನಾನು, ಅದೂ ಪುಣೆಯಲ್ಲಿ ಕೂತು. ಇದಕ್ಕೆ ಯುಪಿಐ ಸರ್ಕಲ್ ಬಳಸಲು ಶುರು ಮಾಡಿ ವರ್ಷದ ಮೇಲಾಯಿತು. ಒಳ್ಳೆಯ ಸೌಲಭ್ಯ. ಆದರೆ ಇದರಲ್ಲಿ ಎರಡು ಬಗೆ ಇದೆ, ಯಾವುದನ್ನು ಆರಿಸುತ್ತೀರಿ ಅನ್ನುವುದರ ಮೇಲೆ ನಿಮ್ಮ ನೆಮ್ಮದಿ ನಿಂತಿದೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. 2024ರ ಆಗಸ್ಟ್‌ನಲ್ಲಿ ಬಂದಿದ್ದು ಇದು. ನನ್ನ ಖಾತೆಯಲ್ಲಿರುವ ದುಡ್ಡನ್ನು ದೊಡ್ಡಮ್ಮ ತಮ್ಮ ಮೊಬೈಲಿನಲ್ಲೇ ಸ್ಕ್ಯಾನ್ ಮಾಡಿ ಕೊಡಬಹುದು. ಅವರ ಆ್ಯಪ್‌ಗೆ ಬ್ಯಾಂಕ್ ಖಾತೆ ಜೋಡಿಸಬೇಕಾಗಿಲ್ಲ, ನನ್ನ ಪಿನ್ನೂ ಅವರಿಗೆ ಬೇಕಿಲ್ಲ. ಒಂದು ಬಗೆಯಲ್ಲಿ ಪ್ರತಿ ಸಲವೂ ನನಗೆ ರಿಕ್ವೆಸ್ಟ್ ಬರುತ್ತದೆ, ನಾನು ಪಿನ್ ಹಾಕಿದರೆ ಮಾತ್ರ ದುಡ್ಡು ಹೋಗುತ್ತದೆ. ಇನ್ನೊಂದರಲ್ಲಿ ತಿಂಗಳಿಗೆ ಇಷ್ಟು ಅಂತ ಮಿತಿ ಹಾಕಿಟ್ಟರೆ ಅಷ್ಟರೊಳಗೆ ಅವರೇ ಕೊಟ್ಟುಕೊಳ್ಳುತ್ತಾರೆ. ಈ ಮಿತಿ ತಿಂಗಳಿಗೆ 15,000, ಒಂದು ಸಲಕ್ಕೆ 5,000 ರೂಪಾಯಿ ದಾಟುವಂತಿಲ್ಲ.

ಮೊದಲು ಇಟ್ಟಿದ್ದು ರಿಕ್ವೆಸ್ಟ್ ಬರುವ ಬಗೆ. ಕೇಳಲು ಚೆನ್ನಾಗಿದೆ ಅಲ್ವಾ? ನಡೆದದ್ದು ಬೇರೆ. ದೊಡ್ಡಮ್ಮ ಮೆಡಿಕಲ್ ಶಾಪಿನಲ್ಲಿ ಬಿಪಿ ಮಾತ್ರೆ ಕೈಯಲ್ಲಿ ಹಿಡಿದು ನಿಂತಿರುತ್ತಾರೆ, ನಾನು ಮೀಟಿಂಗಿನಲ್ಲಿರುತ್ತೇನೆ. ಹಿಂದೆ ಇನ್ನಿಬ್ಬರು ಕಾಯುತ್ತಿರುತ್ತಾರೆ. ಅಂಗಡಿಯವರು ಪಾಪ, "ಆಮೇಲೆ ಕೊಡಿ ಅಮ್ಮ" ಅಂದು ಕಳಿಸುತ್ತಾರೆ. ಸ್ವಲ್ಪ ದಿನ ಹೀಗೆ ನಡೆಯಿತು. ಒಂದು ಸಂಜೆ ಫೋನ್ ಮಾಡಿ, "ಅಲ್ಲ ಮಾರಾಯ್ತಿ, ಒಂದು ಕಟ್ಟು ಸೊಪ್ಪಿಗೂ ನಿನ್ನ ಅಪ್ಪಣೆ ಕೇಳ್ಬೇಕಾ? ಇದಕ್ಕಿಂತ ಅಂಗಡೀಲಿ ಸಾಲ ಬರೆಸೋದೇ ವಾಸಿ" ಅಂದರು. ಅಂದ ಹಾಗೇ ಬರೆಸಿದರು ಕೂಡ. ತಿಂಗಳ ಕೊನೆಗೆ ಲೆಕ್ಕದ ಪುಸ್ತಕದ ಫೋಟೋ ನನಗೆ ಬಂತು.

ಆಮೇಲೆ ಮಿತಿ ಹಾಕುವ ಬಗೆಗೆ ಬದಲಾಯಿಸಿದೆ. ತಿಂಗಳಿಗೆ 8,000. ದಿನಸಿ, ತರಕಾರಿ, ಔಷಧಿ, ಆಟೋ ಎಲ್ಲ ಅದರಲ್ಲಿ ಆಗುತ್ತದೆ. ಈಗ ನನಗೆ ಬರುವುದು ಖರ್ಚಾದ ಸುದ್ದಿ ಮಾತ್ರ. ಅದರಿಂದಲೂ ಒಂದು ಪೇಚಿದೆ. ಯಾವ ಅಂಗಡಿಗೆ ಎಷ್ಟು ಹೋಯಿತು ಅಂತ ನನಗೆ ಕಾಣುತ್ತದೆ, ಅದು ಅವರಿಗೂ ಗೊತ್ತು. ಶುಗರ್ ಇರುವ ದೊಡ್ಡಮ್ಮನ ಲೆಕ್ಕದಲ್ಲಿ ಬೇಕರಿ ಅನ್ನುವುದು ಇಲ್ಲವೇ ಇಲ್ಲ! ಅಲ್ಲಿ ಕ್ಯಾಶ್ ಕೊಡುತ್ತಾರಂತೆ, ಪಕ್ಕದ ಮನೆಯವರು ಹೇಳಿದರು. ನಾನು ಕೇಳಲು ಹೋಗಿಲ್ಲ. ಅಷ್ಟೂ ಗುಟ್ಟು ಇರಬಾರದಾ ಮನುಷ್ಯರಿಗೆ.

ನೀವೂ ಶುರು ಮಾಡುವುದಾದರೆ ಇದಕ್ಕಂತಲೇ ಬೇರೆ ಖಾತೆ ಇಡಿ. ನಾನು ತಿಂಗಳ ಮೊದಲಿಗೆ ಅದಕ್ಕೆ ಬೇಕಾದಷ್ಟೇ ದುಡ್ಡು ಹಾಕುತ್ತೇನೆ. ದೊಡ್ಡಮ್ಮನ ಪೆನ್ಷನ್ ಖಾತೆಯನ್ನು ಯಾವ ಆ್ಯಪ್‌ಗೂ ಜೋಡಿಸಿಲ್ಲ. ಪೊಲೀಸ್ ಅಂತ ಹೇಳಿಕೊಂಡು ಹೆದರಿಸುವ ಡಿಜಿಟಲ್ ಅರೆಸ್ಟ್ ಫೋನ್ ಬಂದರೂ ಆ ಮೊಬೈಲಿನಿಂದ ಹೋಗುವುದು ಮಿತಿಯೊಳಗಿನ ದುಡ್ಡು ಅಷ್ಟೇ. ಆದರೂ 1930 ನಂಬರನ್ನು ದೊಡ್ಡದಾಗಿ ಬರೆದು ಫ್ರಿಜ್ ಮೇಲೆ ಅಂಟಿಸಿದ್ದೇವೆ. ಮೋಸ ಆದರೆ ತಡಮಾಡದೆ ಮಾಡಬೇಕಾದ ನಂಬರ್ ಅದು.

ಬೆರಳಚ್ಚಿನ ಲಾಕ್ ಮಾತ್ರ ನಮಗೆ ಕೈಕೊಟ್ಟಿತು. ವರ್ಷಗಟ್ಟಲೆ ಪಾತ್ರೆ ತಿಕ್ಕಿ, ಕಾಯಿ ತುರಿದು ಸವೆದ ಬೆರಳು, ಅದರಲ್ಲೂ ಒದ್ದೆ ಇದ್ದರೆ ಮೊಬೈಲ್ ಗುರುತೇ ಹಿಡಿಯುವುದಿಲ್ಲ. ನಂಬರ್ ಲಾಕ್ ಹಾಕಿಕೊಟ್ಟೆವು, ಸರಿಹೋಯಿತು. ಇನ್ನು ನಮ್ಮ ಕಡೆ ಮಳೆ ನಿಮಗೆ ಗೊತ್ತೇ ಇದೆ. ಜುಲೈನಲ್ಲಿ ಕರೆಂಟ್ ಹೋದರೆ ಹಿಂದೆಯೇ ನೆಟ್‌ವರ್ಕೂ ಹೋಗುತ್ತದೆ, ಸ್ಕ್ಯಾನರ್ ಎದುರು ನಿಂತು ಏನೂ ಮಾಡಲಾಗದು. ಮಳೆಗಾಲಕ್ಕೆ ಮನೆಯಲ್ಲಿ ಎರಡು ಮೂರು ಸಾವಿರ ಚಿಲ್ಲರೆ ನೋಟು ಇರಲೇಬೇಕು.

ಎಲ್ಲಕ್ಕೂ ಇದನ್ನೇ ನೆಚ್ಚಬೇಡಿ. ಮೆಸ್ಕಾಂ ಬಿಲ್ ನಾನೇ ಇಲ್ಲಿಂದ ನೋಡುತ್ತೇನೆ. ಗೃಹಜ್ಯೋತಿಯಲ್ಲಿ ಅವರ ಪಾಲಿನ ಯೂನಿಟ್ ದಾಟದಿದ್ದರೆ ಸೊನ್ನೆ ಬರುತ್ತದೆ, ದಾಟಿದ ತಿಂಗಳು ಕಟ್ಟುತ್ತೇನೆ. ಗ್ಯಾಸ್ ಸಿಲಿಂಡರ್ ತಂದವರು ಕೇಳುವ ಕೋಡ್ ನೋಂದಾಯಿಸಿದ ನಂಬರಿಗೇ ಹೋಗುವುದರಿಂದ ಅಲ್ಲಿ ದೊಡ್ಡಮ್ಮನ ನಂಬರ್ ಕೊಟ್ಟಿದ್ದೇನೆ. ಪೆನ್ಷನ್‌ಗೆ ನವೆಂಬರಿನ ಲೈಫ್ ಸರ್ಟಿಫಿಕೇಟ್ ಬೇಕಲ್ಲ, ಅದನ್ನು ಪೋಸ್ಟ್‌ಮ್ಯಾನ್ ಮನೆಗೇ ಬಂದು ಮಾಡಿಕೊಡುತ್ತಾರೆ.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಯಾಕೆಂದರೆ, ನಾನು ಐದು ಜನರನ್ನು ಸೇರಿಸಿಕೊಳ್ಳಬಹುದು, ಆದರೆ ದೊಡ್ಡಮ್ಮ ಒಬ್ಬರ ಸರ್ಕಲ್‌ನಲ್ಲಿ ಮಾತ್ರ ಇರಬಹುದು. ಬೆಂಗಳೂರಿನಲ್ಲಿರುವ ತಮ್ಮನೂ ಖರ್ಚು ಹಂಚಿಕೊಳ್ಳುತ್ತೇನೆ ಅನ್ನುತ್ತಾನೆ. ಸದ್ಯಕ್ಕೆ ಅವನು ತನ್ನ ಪಾಲನ್ನು ನನ್ನ ಖಾತೆಗೆ ಹಾಕುತ್ತಿದ್ದಾನೆ, ನೆನಪಿಸಿದ ತಿಂಗಳು.