ಸಯಾಟಿಕಾಗೆ ಫಿಸಿಯೋ: ಮೆಷಿನ್ ಕಮ್ಮಿ, ನಮ್ ಕೆಲ್ಸ ಜಾಸ್ತಿ

ಸ್ಕೂಟರಲ್ಲಿ ದಿನಾ ಸಿಲ್ಕ್ ಬೋರ್ಡ್ ದಾಟಿ ಆಫೀಸಿಗೆ ಹೋಗೋನು ನಾನು, ಒಂದಿನ ಹಂಪ್ ಮೇಲೆ ಧಡ್ ಅಂತ ಕುಕ್ಕಿದ್ದೇ ತಡ ಸೊಂಟದಿಂದ ಎಡಗಾಲಿನ ಮೀನಖಂಡದವರೆಗೂ ಕರೆಂಟ್ ಹೊಡೆದಂಗೆ ಚುಳ್ ಅಂತು. ಎಂಆರ್‌ಐನಲ್ಲಿ ಎಲ್4-ಎಲ್5 ಡಿಸ್ಕ್ (ಸೊಂಟದ 4, 5ನೇ ಮೂಳೆ ನಡುವಿನ ಮೆತ್ತೆ) ಉಬ್ಬಿದೆ ಅಂತ ಬಂತು. ಹಿಂಗೆ ಸೊಂಟದಲ್ಲಿ ನರ ಒತ್ತಿ ಕಾಲಿಗೆ ಇಳಿಯೋ ನೋವಿಗೇ ಸಯಾಟಿಕಾ ಅನ್ನೋದು.

ಮೊದ್ಲು ಫಿಸಿಯೋಗೆ ಹೋದ ಕಡೆ 10 ಸಿಟ್ಟಿಂಗ್ ದುಡ್ಡು ಮುಂಚೆನೇ ಕಟ್ಟಿಸ್ಕೊಂಡು, ಬೋರಲು ಮಲಗಿಸಿ ಐಎಫ್‌ಟಿ (ನೋವಿಗೆ ಸಣ್ಣ ಕರೆಂಟ್ ಕೊಡೋ ಮೆಷಿನ್) ಪ್ಯಾಡ್ ಅಂಟಿಸಿ ಹೋಗ್ಬಿಡೋರು. ಜುಮ್ ಜುಮ್ ಅನ್ನೋವಾಗ ಹಾಯಾಗಿರೋದು, ಮನೆ ಮೆಟ್ಲು ಹತ್ತೋಷ್ಟರಲ್ಲಿ ಮತ್ತೆ ಅದೇ ಕಥೆ.

ಈಗ ಹೋಗ್ತಿರೋದು ಜಯನಗರ 4ನೇ ಬ್ಲಾಕ್ ಹತ್ರ ಒಂದು ಚಿಕ್ಕ ಕ್ಲಿನಿಕ್, ಮೊದಲನೇ ಮಹಡಿ, ಲಿಫ್ಟ್ ಇಲ್ಲ, ಸೊಂಟ ಹಿಡ್ಕೊಂಡು ಬರೋರಿಗೆ ಇದೊಂದು ಶಿಕ್ಷೆ. ಆದ್ರೆ ಅಲ್ಲಿನ ಫಿಸಿಯೋ ಮೇಡಂ ಮೊದಲ ದಿನ ಮುಕ್ಕಾಲು ಗಂಟೆ ಮೆಷಿನ್ ಮುಟ್ಲೇ ಇಲ್ಲ. ಮಂಡಿ ಮಡಿಸ್ದೇ ನನ್ನ ಕಾಲೆತ್ತಿದ್ರು, 40 ಡಿಗ್ರಿಗೇ ಅಯ್ಯೋ ಅಂದೆ. "ನೋವು ಕಾಲಲ್ಲಿ, ತೊಂದ್ರೆ ಸೊಂಟದಲ್ಲಿ ಸರ್" ಅಂತ ಸ್ಪೈನ್ ಮಾಡೆಲ್ ಹಿಡ್ಕೊಂಡು, ಸಯಾಟಿಕ್ ನರ ಎಲ್ಲಿಂದ ಹೊರಟು ಎಲ್ಲಿಗೋಗತ್ತೆ ತೋರಿಸಿದ್ರು. ದೇಹದಲ್ಲೇ ದಪ್ಪ ನರ ಅಂತೆ ಅದು.

ಎರಡೇ ಎಕ್ಸರ್ಸೈಜ್ ಕೊಟ್ರು. ಬೋರಲು ಮಲಗಿ, ಸೊಂಟ ನೆಲದಲ್ಲೇ ಬಿಟ್ಟು ಕೈ ಊರಿ ಎದೆ ಎತ್ತೋದೊಂದು. ಇನ್ನೊಂದು ಚೇರಲ್ಲಿ ಕೂತು ಕಾಲು ಚಾಚ್ತಾ ತಲೆ ಮೇಲೆತ್ತೋದು, ಕಾಲು ಮಡಿಸ್ತಾ ತಲೆ ಬಗ್ಗಿಸೋದು. ನರಾನ ಎಳೆದು ಹಿಡೀಬೇಡಿ, ಸುಮ್ನೆ ಜಾರಿಸಿ ಅಂದ್ರು. ನನ್ನ ಮಗಳು ನೋಡಿ ಕೋಳಿ ಡ್ಯಾನ್ಸ್ ಅಂತ ಹೆಸರಿಟ್ಟಳು.

ಎರಡನೇ ವಾರ ಕಾಲುನೋವು ಇಳೀತು, ಸೊಂಟನೋವು ಜಾಸ್ತಿ ಆಯ್ತು, ಕೆಟ್ಟೆ ಅಂತ ಫೋನ್ ಮಾಡಿದ್ರೆ ಅವ್ರು ಖುಷಿಯಾಗಿ "ಒಳ್ಳೇದೇ ಆಯ್ತು" ಅನ್ನಬೇಕೆ! ನೋವು ಕಾಲಿಂದ ಮೇಲಕ್ಕೆ ಸೊಂಟದ ಕಡೆ ಸರಿದ್ರೆ ಒಳ್ಳೇ ಲಕ್ಷಣ, ಕೆಳಕ್ಕೆ ಪಾದದ ಕಡೆ ಇಳಿದ್ರೆ ಆ ಎಕ್ಸರ್ಸೈಜ್ ನಿಲ್ಲಿಸಿ ಅಂದ್ರು. ಇದನ್ನ ಮೊದಲನೇ ಜಾಗದಲ್ಲಿ ಯಾರೂ ಹೇಳಿರ್ಲಿಲ್ಲ. ಹಂಗಂತ ನನ್ನದನ್ನ ನೋಡಿ ನೀವೂ ಶುರು ಮಾಡ್ಬೇಡಿ, ಕೆಲವರಿಗೆ ಹಿಂದಕ್ಕೆ ಬಾಗಿದ್ರೇ ನೋವು ಜಾಸ್ತಿ ಆಗತ್ತೆ. ಪಾದ ಎತ್ತಕ್ಕಾಗ್ತಿಲ್ಲ, ಮೂತ್ರ ಹತೋಟಿ ತಪ್ತು, ಕೂರೋ ಜಾಗ ಜೋಮು ಹಿಡೀತು ಅಂದ್ರೆ ಫಿಸಿಯೋ ಅಲ್ಲ, ಆ ಕ್ಷಣಕ್ಕೇ ಎಮರ್ಜೆನ್ಸಿಗೆ ಹೋಗಿ.

6 ವಾರದಲ್ಲಿ 9 ಸಲ ಹೋದೆ, ಸಲಕ್ಕೆ 600. ಕಾಲಿನ ಹೆಬ್ಬೆರಳು ಇನ್ನೂ ಸ್ವಲ್ಪ ಜೋಮು ಇದೆ. ಸ್ಕೂಟರ್ ಬಿಟ್ಟು ಆರ್‌ವಿ ರೋಡಿಂದ ಹಳದಿ ಮೆಟ್ರೋ ಹಿಡೀತೀನಿ, ನಿಂತ್ಕೊಂಡೇ. ಕ್ಲಿನಿಕ್ಕಲ್ಲಿ ಸಂಜೆ ಸ್ಲಾಟ್ ಬೇಕಂದ್ರೆ ಎರಡು ದಿನ ಮುಂಚೆನೇ ಫೋನ್ ಮಾಡಿ, ಗಾಡಿ ನಿಲ್ಸೋಕೆ ಜಾಗ ಇಲ್ಲ.