ಮಂಗನ ಕಾಯಿಲೆಯ ಜ್ವರ ಬಿಟ್ಟ ಮೇಲೆ: ಶಿವಮೊಗ್ಗವೋ, ಮನೆಯಂಗಳವೋ?

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ, ಉಣ್ಣೆ ಕಚ್ಚಿ ಹರಡುವ ಈ ವೈರಸ್ ಕಾಯಿಲೆಯಲ್ಲಿ ಜ್ವರ ಒಂದೆರಡು ವಾರಕ್ಕೆ ಇಳಿಯುತ್ತದೆ. ನಿತ್ರಾಣ ಬಿಡಲು ತಿಂಗಳುಗಳೇ ಬೇಕಾಗಬಹುದು. ವೈರಸ್ಸಿಗೆಂದೇ ಔಷಧಿಯಿಲ್ಲದಿರುವುದರಿಂದ ಆರೈಕೆಯೇ ಆಧಾರ. ಚೇತರಿಕೆಯ ವ್ಯಾಯಾಮಕ್ಕೆ ಶಿವಮೊಗ್ಗಕ್ಕೆ ಹೋಗಬೇಕೋ, ಮನೆಯಂಗಳವೇ ಸಾಕೋ?

ಶಿವಮೊಗ್ಗದಲ್ಲಿ ಫಿಸಿಯೋಥೆರಪಿಗೆ ಹೋದರೆ ಸಿಗುವುದು ಪಳಗಿದ ಕಣ್ಣು. ನಡಿಗೆ ತೂಗಾಡುತ್ತಿದೆಯೇ, ಕೈ ನಡುಗುತ್ತಿದೆಯೇ ಎಂಬುದನ್ನು ಮನೆಯವರಿಗಿಂತ ಮೊದಲು ಅಲ್ಲಿನ ಫಿಸಿಯೋಥೆರಪಿಸ್ಟ್ ಹಿಡಿಯುತ್ತಾರೆ. ಆದರೆ ತೀರ್ಥಹಳ್ಳಿಯಾಚೆಯ ಒಂಟಿಮನೆಯಿಂದ ಬಸ್ಸಿನಲ್ಲಿ ಕುಲುಕಿಕೊಂಡು ಬಂದವರಿಗೆ ವ್ಯಾಯಾಮಕ್ಕೆ ಉಳಿಯುವ ಕಸುವೆಷ್ಟು?

ಮನೆಯಲ್ಲಾದರೆ ಅಂಗಳವೇ ಅಳತೆಗೋಲು. ಮೊದಲ ದಿನ ಜಗುಲಿಯಿಂದ ತುಳಸಿಕಟ್ಟೆಯವರೆಗೆ. ಅಲ್ಲಿ ಕುಳಿತು ಸುಧಾರಿಸಿಕೊಂಡು ವಾಪಸ್ಸು. ಮರುದಿನ ಸುಸ್ತು ಹೆಚ್ಚದಿದ್ದರೆ ಮಾತ್ರ ಬಾವಿಕಟ್ಟೆಯವರೆಗೆ. ಖರ್ಚಿಲ್ಲ, ಹೊತ್ತುಹೊತ್ತಿಗೆ ಗಂಜಿಯೂ ಸಿಗುತ್ತದೆ. ಅಪಾಯವಿರುವುದು ಹುರುಪಿನಲ್ಲಿ: ಅಡಿಕೆ ಕೊಯ್ಲು ಎದುರಿಗಿದ್ದರೆ ನಮ್ಮವರು ಹಾಸಿಗೆಯಿಂದ ನೇರ ತೋಟಕ್ಕೇ ಇಳಿಯುತ್ತಾರೆ!

ನಾನಾದರೆ ಒಮ್ಮೆ ಪೇಟೆಯಲ್ಲಿ ತೋರಿಸಿ, ವ್ಯಾಯಾಮ ಕಲಿತು, ಉಳಿದದ್ದನ್ನು ಅಂಗಳಕ್ಕೆ ಬಿಡುತ್ತೇನೆ. ನಡುಕವೋ ತೂಗಾಟವೋ ಉಳಿದವರಿಗೆ ಮಾತ್ರ ಪೇಟೆಯ ಓಡಾಟವೇ ಮೇಲು. ಕಾಯಿಲೆ ಶುರುವಾದ ಮೂರನೆಯ ವಾರದ ಹೊತ್ತಿಗೆ ಮತ್ತೆ ಜ್ವರ, ವಿಪರೀತ ತಲೆನೋವು, ಕಣ್ಣು ಮಂಜಾಗುವುದು ಕಂಡರೆ ಈ ಲೆಕ್ಕಾಚಾರವೇ ಬೇಡ. ಶೇಕಡಾ 10ರಿಂದ 20ರಷ್ಟು ಮಂದಿಯಲ್ಲಿ ಕಾಯಿಲೆ ಹೀಗೆ ಮರುಕಳಿಸುತ್ತದೆ. ಅದೇ ದಿನ ಆಸ್ಪತ್ರೆಗೆ ಹೊರಡಿ.